ಶನಿವಾರಕ್ಕೊಮ್ಮೆ ಮುದುಕನಾಗುವ ಮಗ

ನನ್ನ ಎಂಟು ವರ್ಷದ ಮಗನಿಗೆ ಬಿಪಿ ಅಂತೆ!

ನಾನು ಹೇಳಿದ್ದಲ್ಲ ಮಾರಾಯ್ರೆ. ಹೊನ್ನಾವರದಲ್ಲಿ ನಾವು ಯಾವಾಗಲೂ ಹೋಗುವ ಆಸ್ಪತ್ರೆಯ ಔಷಧಿ ಕೌಂಟರಿನವನು ಹೇಳಿದ್ದು. ಹುಡುಗನಿಗೆ ಜ್ವರ, ಗಂಟಲು ಬಾತು ಎಂಜಲು ನುಂಗಲೂ ಆಗುತ್ತಿರಲಿಲ್ಲ. ನಾನು ಪಾಠ ಮಾಡುವ ಶಾಲೆಗೆ ಅರ್ಧ ದಿನ ರಜೆ ಹಾಕಿ, ಮಾವನನ್ನೂ ಜೊತೆಗೆ ಕರೆದುಕೊಂಡು ನಮ್ಮೂರು ಕಾಸರಕೋಡಿನಿಂದ ಟೆಂಪೋ ಹತ್ತಿದ್ದೆ. ಡಾಕ್ಟರರು ಬಾಯಿ ತೆರೆಸಿ ನೋಡಿದರು, ಇಂಜೆಕ್ಷನ್ ಬರೆದರು. ಅಜ್ಜ-ಮೊಮ್ಮಗನನ್ನು ಇಂಜೆಕ್ಷನ್ ಕೋಣೆಯ ಬೆಂಚಿನ ಮೇಲೆ ಕೂರಿಸಿ ನಾನು ಔಷಧಿ ತರಲು ಹೋದೆ.

ಕೌಂಟರಿನವ ಕಂಪ್ಯೂಟರ್ ನೋಡಿದ. ಜ್ವರದ ಸಿರಪ್ಪಿನ ಪಕ್ಕದಲ್ಲಿ ಎರಡು ಸ್ಟ್ರಿಪ್ ಮಾತ್ರೆಯನ್ನೂ ಇಟ್ಟ.

"ಇದು ಎಂತದು?"

"ಬಿಪಿ ಮಾತ್ರೆ. ಯಾವಾಗಿನದೇ ಅಕ್ಕೋರೆ. ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು. ಉಪ್ಪು ಸ್ವಲ್ಪ ಕಡಿಮೆ ಮಾಡೂಕೆ ಹೇಳಿ."

ನನಗೆ ನಗು ಬಂತು. ಮಾವನ ಮಾತ್ರೆ ಮಗನ ಹೆಸರಿಗೆ ಬಂದಿದೆ ಎಂದು ಹೇಳಿ, ಅದನ್ನು ವಾಪಸ್ ಇಟ್ಟು ಹೊರಟೆ. ನಾಲ್ಕು ಹೆಜ್ಜೆ ಇಟ್ಟಿರಬಹುದು. ಆಗ ತಲೆಗೆ ಹೊಳೆಯಿತು. ಮಾವನ ಮಾತ್ರೆ ಇವನ ಹೆಸರಿಗೆ ಬಂದಿದ್ದರೆ, ಇವನ ಅಲರ್ಜಿ ಎಲ್ಲಿಗೆ ಹೋಯಿತು?

ನನ್ನ ಮಗನಿಗೆ ಒಂದು ಜಾತಿಯ ಆ್ಯಂಟಿಬಯೋಟಿಕ್ ಆಗುವುದಿಲ್ಲ. ಹಿಂದೊಮ್ಮೆ ಅದನ್ನು ಕೊಟ್ಟು ಮುಖವೆಲ್ಲ ಊದಿಕೊಂಡು, ಉಸಿರಿಗೆ ಒದ್ದಾಡಿದ್ದ. ಇದೇ ಡಾಕ್ಟರರು ಅವತ್ತು ಅವನ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದರು. ಆಮೇಲೆ ಆಸ್ಪತ್ರೆಗೆ ಕಂಪ್ಯೂಟರ್ ಬಂತು, ಕಾರ್ಡು ಹೋಯಿತು. "ಇನ್ನು ನೀವು ಪ್ರತಿ ಸಲ ಹೇಳೂದು ಬೇಡ ಅಕ್ಕೋರೆ, ಎಲ್ಲಾ ಕಂಪ್ಯೂಟರಿಗೆ ಗೊತ್ತದೆ" ಅಂದಿದ್ದರು. ನಾನೂ ನಂಬಿದ್ದೆ.

ಓಡಿದೆ. ಸೀರೆ ಕಾಲಿಗೆ ತೊಡರಿದ್ದು, ಯಾರದೋ ಕೊಡೆ ಬಿದ್ದದ್ದು, ಒಂದೂ ಲೆಕ್ಕಕ್ಕಿಲ್ಲ. ಇಂಜೆಕ್ಷನ್ ಕೋಣೆಯಲ್ಲಿ ಸಿಸ್ಟರ್ ಸಿರಿಂಜಿನ ಗಾಳಿ ತೆಗೆಯುತ್ತಿದ್ದರು. ಮಗ ಅಜ್ಜನ ಅಂಗಿಯೊಳಗೆ ಮುಖ ಹುದುಗಿಸಿ ಚಡ್ಡಿ ಸರಿಸಿ ನಿಂತಿದ್ದ. ನಾನು ಸಿಸ್ಟರ್ ಕೈಯನ್ನೇ ಹಿಡಿದುಬಿಟ್ಟೆ.

"ಯಾವ ಔಷಧಿ ಇದು?"

ಅದೇ. ಅದೇ ಔಷಧಿ!

ಮಾನಿಟರಿನಲ್ಲಿ ನನ್ನ ಮಗನ ಹೆಸರಿತ್ತು. ವಯಸ್ಸು ಎಪ್ಪತ್ತನಾಲ್ಕು. ಅಲರ್ಜಿ: ಇಲ್ಲ. "ವಯಸ್ಸು ನೋಡ್ಲಿಲ್ವಾ?" ಅಂತ ಕಿರುಚಿದೆ. ಡಾಕ್ಟರರು ಒಳಗಿನಿಂದ ಬಂದರು. "ಮುಂದೆ ಕೂತವ ಮಗು ಅಂತ ಕಣ್ಣಿಗೇ ಕಾಣ್ತದಲ್ಲ, ವಯಸ್ಸು ಯಾರು ನೋಡ್ತಾರೆ? ಅಲರ್ಜಿ ಅದೆಯಾ ಅಂತ ಮಾತ್ರ ನೋಡಿದೆ" ಅಂದರು. ಆಮೇಲೆ ನನ್ನ ಮುಖ ನೋಡಿ, ಬಹಳ ಮೃದುವಾಗಿ ಇನ್ನೊಂದು ಮಾತು ಸೇರಿಸಿದರು.

"ಏನೂ ಆಗ್ಲಿಲ್ಲವಲ್ಲ ಅಕ್ಕೋರೆ."

ಇವತ್ತಿನ ಈ ಬರಹ ಇರುವುದೇ ಆ ಒಂದು ಮಾತಿನ ಮೇಲೆ.

ಮೊದಲು ಈ ಗೊಂದಲ ಹೇಗಾಯಿತು ಹೇಳುತ್ತೇನೆ. ನಮ್ಮ ಮಾವನ ಹೆಸರು ಸುಬ್ರಾಯ ಗಣಪತಿ ನಾಯ್ಕ. (ಬರೆದಿದ್ದೇನೆ ಅಷ್ಟೇ, ಬಾಯಲ್ಲಿ ಹೇಳಿಲ್ಲ. ಮನೆಯಲ್ಲಿ ಅತ್ತೆ ಗಮನಿಸಬೇಕು.) ಅವರ ಮಗ, ಅಂದರೆ ನನ್ನ ಗಂಡ, ಗಣಪತಿ ಸುಬ್ರಾಯ ನಾಯ್ಕ. ನಮ್ಮಲ್ಲಿ ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು. ಹಾಗಾಗಿ ನನ್ನ ಮಗ ಪುನಃ ಸುಬ್ರಾಯ ಗಣಪತಿ ನಾಯ್ಕ. ಸೊಸೆ ಮಾವನ ಹೆಸರು ಕರೆಯುವ ಹಾಗಿಲ್ಲವಲ್ಲ, ಅದಕ್ಕೆ ಮನೆಯಲ್ಲಿ ಅವನು ಪುಟ್ಟು. ಆದರೆ ಆಸ್ಪತ್ರೆಯಲ್ಲಿ ಅಜ್ಜನೂ ಮೊಮ್ಮಗನೂ ಒಂದೇ ಹೆಸರು, ಒಂದೇ ಊರು, ಒಂದೇ ಮನೆ, ಒಂದೇ ಫೋನ್ ನಂಬರು (ಅದೂ ಪಕ್ಕದ ಮನೆಯದು).

ಹೊನ್ನಾವರ, ಕುಮಟಾ, ಭಟ್ಕಳದಲ್ಲಿ ಇಂಥ ಮನೆ ಎಷ್ಟಿಲ್ಲ? ಯಾವ ಕೇರಿಗೆ ಹೋಗಿ ಕೂಗಿದರೂ ಅಜ್ಜನೂ ಮೊಮ್ಮಗನೂ ಒಟ್ಟಿಗೇ "ಓ" ಅನ್ನುತ್ತಾರೆ. ಇದು ನಮಗೆಲ್ಲ ಗೊತ್ತು. ಆಸ್ಪತ್ರೆಯ ಕಂಪ್ಯೂಟರಿಗೆ ಗೊತ್ತಿರಲಿಲ್ಲ. ಅದು ಇಬ್ಬರನ್ನೂ ಒಬ್ಬನೇ ಎಂದು ತಿಳಿದು ಮೊಮ್ಮಗನನ್ನು ಅಜ್ಜನೊಳಗೆ ಸೇರಿಸಿಬಿಟ್ಟಿತ್ತು. ಸೇರಿಸುವಾಗ ಹಳೆಯ ದಾಖಲೆ ಉಳಿಯಿತು, ಹೊಸದು ಅಳಿಯಿತು. ಅಲರ್ಜಿಯೂ ಅದರ ಜೊತೆ ಹೋಯಿತು.

ಗಲಾಟೆ ಕೇಳಿ ಓಡಿಬಂದ ಕೌಂಟರಿನವ ತಕ್ಷಣ ಪರಿಹಾರವನ್ನೂ ಕೊಟ್ಟ. "ಮಾಣಿ ಹೆಸರು ಬದಲು ಮಾಡೂಕೆ ಬರೂದಿಲ್ವಾ ಅಕ್ಕೋರೆ? ಈಗೆಲ್ಲಾ ಚಂದ ಚಂದ ಹೆಸ್ರು ಬಂದಿದಾವೆ."

ಕೇಳಿದಿರಾ? ಯಂತ್ರ ತಪ್ಪಿದರೆ ಯಂತ್ರವನ್ನು ತಿದ್ದುವುದಲ್ಲ, ಹುಡುಗನನ್ನು ತಿದ್ದುವುದು! ಮಾವನಿಗೆ ಸಿಟ್ಟು ನೆತ್ತಿಗೇರಿತು. "ನನ್ನ ಹೆಸ್ರಿಗೆ ಎಂತ ಆಗದೆ ಹೇಳು? ನಿನ್ನ ಪೆಟ್ಟಿಗೆ ಹೆಸ್ರು ಬದಲ್ ಮಾಡು" ಅಂತ ಬೆಂಚಿನಿಂದಲೇ ಗದರಿದರು.

ಸಂಜೆ ಮನೆಗೆ ಬಂದ ಮೇಲೆ ಅದೇ ಮಾವ ಇಡಗುಂಜಿ ಗಣಪತಿಗೆ ಪಂಚಕಜ್ಜಾಯದ ಹರಕೆ ಹೇಳಿಕೊಂಡರು. ಪಕ್ಕದ ಮನೆಯವರು ಬಂದು "ದೇವರು ದೊಡ್ಡವನು, ಏನೂ ಆಗ್ಲಿಲ್ಲ" ಅಂದರು. ಕೆಲಸದ ಮೇಲೆ ಕಾರವಾರದಲ್ಲಿರುವ ಗಂಡ ಅವರ ಮನೆಗೇ ಫೋನ್ ಮಾಡಿ "ಏನೂ ಆಗ್ಲಿಲ್ಲವಲ್ಲ, ಬಿಡು" ಅಂದರು. ಬಿಡುವುದಂತೆ!

ನಮ್ಮ ಕಡೆ ಇದೊಂದು ಸರ್ಟಿಫಿಕೇಟು. ಬಾಗಿಲಿಗೆ ಹಗ್ಗ ಕಟ್ಟಿದ ಟೆಂಪೋ ಭಟ್ಕಳದ ತನಕ ಓಡುತ್ತದೆ. ಕೇಳಿದರೆ, ಇಷ್ಟು ದಿನ ಏನೂ ಆಗಲಿಲ್ಲವಲ್ಲ. ನಮ್ಮ ಶಾಲೆಯ ಅಂಗಳದ ಮೇಲೆ ಕರೆಂಟಿನ ತಂತಿ ಜೋತುಬಿದ್ದಿದೆ. ಏನೂ ಆಗಲಿಲ್ಲವಲ್ಲ. ಎಂಜಿನ್ ಕೆಮ್ಮುತ್ತಿರುವ ಬೋಟು ಮಳೆ ಮುಗಿದ ಕೂಡಲೇ ಅಳಿವೆ ದಾಟುತ್ತದೆ. ಹೋದ ವರ್ಷವೂ ಕೆಮ್ಮುತ್ತಿತ್ತು, ಏನೂ ಆಗಲಿಲ್ಲವಲ್ಲ. ಹಾಗಾದರೆ ಏನಾದರೂ ಆದ ಮೇಲೆಯೇ ರಿಪೇರಿಯೇ? ಆದ ಮೇಲೆ ಯಾರನ್ನು ರಿಪೇರಿ ಮಾಡುತ್ತೀರಿ?

ಮರುದಿನ ಪುನಃ ಆಸ್ಪತ್ರೆಗೆ ಹೋದೆ. ಆ ಸಾಫ್ಟ್‌ವೇರ್ ಬರೆದವಳು ಬರುತ್ತಾಳೆ ಎಂದು ತಿಳಿದಿತ್ತು. ಹೆಸರು ಶೈಲಾ. ಕುಮಟೆಯ ಬಸ್ ಸ್ಟ್ಯಾಂಡಿನ ಹತ್ತಿರ ಅವಳದೊಂದು ಕಂಪ್ಯೂಟರ್ ಅಂಗಡಿ. ಮುಂದಿನ ಕೋಣೆಯಲ್ಲಿ ಟೈಪಿಂಗ್ ಕ್ಲಾಸು, ಹಿಂದಿನ ಕೋಣೆಯಲ್ಲಿ ಸಾಫ್ಟ್‌ವೇರು. ನಾನು ರಾತ್ರಿಯೆಲ್ಲ ಬೈಗುಳ ತಯಾರು ಮಾಡಿಕೊಂಡು ಬಂದಿದ್ದೆ. ಬಾಯಿ ತೆರೆಯುವ ಮೊದಲೇ ಅವಳು ಡಾಕ್ಟರರಿಗೆ ಬೈಯಲು ಶುರುಮಾಡಿದ್ದಳು.

"ನಾನು ಹೋದ ವರ್ಷವೇ ಇದನ್ನ ಸರಿ ಮಾಡಿ ಕೊಟ್ಟಿದ್ದೆ ಡಾಕ್ಟ್ರೆ! ಅಜ್ಜ-ಮೊಮ್ಮಗ ಒಂದಾಗ್ತ್ರು ಅಂತ ಆಗ್ಲೂ ದೂರು ಬಂದಿತ್ತು. ವಯಸ್ಸು ನೋಡಿ ಬೇರೆ ಮಾಡೂ ಹಾಂಗೆ ಮಾಡಿದ್ದೆ. ಈ ಮಳೆಗಾಲದಲ್ಲಿ ವಯಸ್ಸು ನೋಡೂದು ಬೇಡ ಅಂದವ್ರು ಯಾರು?"

ಡಾಕ್ಟರರು ಕನ್ನಡಕ ಒರೆಸಿಕೊಂಡರು. ಅಂದವರು ಅವರೇ.

ಅದಕ್ಕೂ ಕಾರಣವಿತ್ತು. ನಮ್ಮ ಹಿರಿಯರ ವಯಸ್ಸು ಅನ್ನುವುದು ಒಂದು ಅಂದಾಜು. ಈ ತಿಂಗಳು ಅರವತ್ತು ಅನ್ನುವವರು ಮುಂದಿನ ತಿಂಗಳು "ಎಪ್ಪತ್ತಾಗಿರೂಕೂ ಸಾಕು" ಅನ್ನುತ್ತಾರೆ. ಹಾಗಾಗಿ ಒಬ್ಬಳೇ ಮುದುಕಿ ಕಂಪ್ಯೂಟರಿನಲ್ಲಿ ಮೂರು ವಯಸ್ಸಿನ ಮೂರು ಮುದುಕಿಯರಾಗಿ ಕೂತಿದ್ದಳಂತೆ. ಕೌಂಟರಿನಲ್ಲಿ ದಿನಾ ಗಲಾಟೆ. ಡಾಕ್ಟರರು ಶೈಲಾಳನ್ನು ಕರೆಸಿ, ವಯಸ್ಸು ಬಿಟ್ಟು ಹೆಸರು, ಮನೆ ನೋಡಿ ಎರಡೆರಡು ಇದ್ದವರನ್ನೆಲ್ಲ ಒಂದು ಮಾಡು, ಇವತ್ತೇ ಆಗಬೇಕು ಅಂದರು. ಅವಳು ಮಾಡಿದಳು. ಪ್ರತಿ ಶನಿವಾರ ಸಂಜೆ ಕಂಪ್ಯೂಟರ್ ತನ್ನಷ್ಟಕ್ಕೇ ಗುಡಿಸಿ ಒರೆಸಿ ಚೊಕ್ಕ ಮಾಡುವ ವ್ಯವಸ್ಥೆ. ಮುದುಕಿಯರು ಒಂದಾದರು. ಅದೇ ಪೊರಕೆಗೆ ನನ್ನ ಮಗನೂ ಸಿಕ್ಕಿದ.

"ನೀನು ಮಾಡಿ ಆದ್ಮೇಲೆ ಪರೀಕ್ಷೆ ಮಾಡಿ ನೋಡ್ಲಿಲ್ವನೇ?" ಎಂದು ಕೇಳಿದೆ. (ನಾನು ಟೀಚರು, ಅದಕ್ಕೇ ಊರಿಗೆಲ್ಲ ಅಕ್ಕೋರು. ನನಗೆ ಬರುವುದು ಇದೊಂದೇ ಪ್ರಶ್ನೆ.)

"ನೋಡಿದ್ದೆ ಅಕ್ಕೋರೆ. ಹೊಸತು ಎಂತ ಹಾಕಿದ್ನೋ ಅದನ್ನ ನೋಡಿದ್ದೆ. ಹಳೇದು ಸರಿ ಇದ್ದದ್ದು ಕೆಟ್ಟೋಯ್ತಾ ಅಂತ ಪೂರಾ ಮತ್ತೆ ನೋಡೂಕೆ ಇವ್ರು ಪುರಸೊತ್ತು ಎಲ್ಲಿ ಕೊಡ್ತ್ರು? ನೀವು ಸಾರು ಮಾಡ್ತ್ರಿ, ಉಪ್ಪು ನೋಡ್ತ್ರಿ, ಸರಿ ಅದೆ. ಆಮೇಲೆ ನೆಂಟರು ಬಂದ್ರು ಅಂತ ನೀರು ಹೊಯ್ತ್ರಿ. ಮತ್ತೆ ಉಪ್ಪು ನೋಡ್ತ್ರೋ ಇಲ್ವೋ?"

"ನೋಡದೇ ಬಡಿಸ್ತ್ರನೇ?"

"ಹಾಂ! ನಾನು ಹೋದ ವರ್ಷ ಉಪ್ಪು ನೋಡಿದ್ದು. ಈ ವರ್ಷ ಇವ್ರು ನೀರು ಹೊಯ್ಸಿದ್ದು."

ಇದಕ್ಕೊಂದು ದಾರಿಯಿದೆ ಎಂದಳು. ಯೂನಿಟ್ ಟೆಸ್ಟ್ ಅಂತೆ. ದೊಡ್ಡ ಪ್ರೋಗ್ರಾಮಿನ ಒಂದೊಂದು ಸಣ್ಣ ತುಂಡಿಗೂ ಪ್ರಶ್ನೆ ಕೇಳುವ ಇನ್ನೊಂದು ಸಣ್ಣ ಪ್ರೋಗ್ರಾಂ. ಅಜ್ಜನಿಗೆ ಎಪ್ಪತ್ತನಾಲ್ಕು, ಮೊಮ್ಮಗನಿಗೆ ಎಂಟು, ಹೆಸರು ಒಂದೇ, ಮನೆ ಒಂದೇ. ಇವರು ಒಬ್ಬರೋ ಇಬ್ಬರೋ? ಇಬ್ಬರು ಅಂದರೆ ಪಾಸು, ಒಬ್ಬರು ಅಂದರೆ ಫೇಲು. ಇಂಥ ಪ್ರಶ್ನೆಗಳನ್ನು ಒಮ್ಮೆ ಬರೆದಿಟ್ಟರೆ ಸಾಕು. ಆಮೇಲೆ ಏನೇ ತಿದ್ದಿದರೂ ಒಂದು ಬಟನ್ ಒತ್ತಿದರೆ ಅಷ್ಟನ್ನೂ ಕಣ್ಣು ಮಿಟುಕಿಸುವುದರೊಳಗೆ ಕೇಳಿ ಮುಗಿಸುತ್ತದೆ. ಎಲ್ಲ ಸರಿಯಿದ್ದರೆ ಹಸಿರು ಪಟ್ಟಿ, ಒಂದು ತಪ್ಪಿದರೂ ಕೆಂಪು ಪಟ್ಟಿ. ಮನುಷ್ಯರಿಗೆ ಬೇಜಾರು ಬರುತ್ತದೆ, ಮರೆವು ಬರುತ್ತದೆ. ಅದಕ್ಕೆ ಬರುವುದಿಲ್ಲ.

ನನಗಂತೂ ಇದಕ್ಕಿಂತ ನ್ಯಾಯವಾದ ಮಾತು ಬೇರೆ ಕಾಣಲಿಲ್ಲ. ಡಾಕ್ಟರರಿಗೆ ಕಾಣಿಸಿದ್ದೇ ಬೇರೆ.

"ಎಷ್ಟು ದಿನ ಬೇಕು?"

"ಎರಡು ವಾರ."

"ಎರಡು ವಾರ ಆದ ಮೇಲೆ ಹೊಸತು ಎಂತ ಕಾಣ್ತದೆ?"

"ಹೊಸತು ಎಂತದೂ ಕಾಣೂದಿಲ್ಲ. ಇದ್ದದ್ದು ಸರಿ ಇರ್ತದೆ."

ಡಾಕ್ಟರರು ನಕ್ಕರು. "ನೀನು ಮಾಡಿದ್ದನ್ನ ನೀನೇ ಪರೀಕ್ಷೆ ಮಾಡೂದು ಎಂತಕ್ಕೆ? ನಿನ್ನ ಕೆಲಸದ ಮೇಲೆ ನಿನಗೇ ನಂಬಿಕೆ ಇಲ್ವಾ? ಈಗ ಜ್ವರದ ಸೀಸನ್. ಮುಟ್ಟಿದ್ದಕ್ಕೇ ಹೀಂಗಾದದ್ದು, ಇನ್ನು ಯಾರೂ ಮುಟ್ಟೂದು ಬೇಡ. ಅಕ್ಕೋರ ಮಾಣೀದು ಕೈಯಲ್ಲೇ ಬೇರೆ ಮಾಡಿ ಕೊಡು, ಸಾಕು. ಚೌತಿ ಮುಗೀಲಿ, ನೋಡ್ವ. ಆಗ ಮೊದ್ಲು ಆ ಟೋಕನ್ ಬೋರ್ಡ್ ಮಾಡಿಕೊಡು."

ಟೋಕನ್ ಬೋರ್ಡ್ ಅಂದರೆ ಹೊರಗಿನ ಜಗಲಿಯಲ್ಲಿ ಕೆಂಪಗೆ ನಂಬರ್ ಮಿನುಗುವ ಹಲಗೆ. ಅದು ಬಂದರೆ ಜನ ನೋಡುತ್ತಾರೆ, ಭೇಷ್ ಅನ್ನುತ್ತಾರೆ. ನನ್ನ ಮಗ ಸಾಯದೇ ಉಳಿದರೆ ಯಾರಿಗೆ ಕಾಣುತ್ತದೆ?

ಶೈಲಾ ಮಗನ ದಾಖಲೆಯನ್ನು ಕೈಯಲ್ಲೇ ಬೇರೆ ಮಾಡಿ, ಅಲರ್ಜಿ ಸೇರಿಸಿಕೊಟ್ಟಳು. ಆದರೆ ಶನಿವಾರದ ಪೊರಕೆ ಹಾಗೇ ಇತ್ತಲ್ಲ? ಅದನ್ನು ನಿಲ್ಲಿಸಲು ಡಾಕ್ಟರರು ಒಪ್ಪಲಿಲ್ಲ, ಕೌಂಟರಿನಲ್ಲಿ ಪುನಃ ಗಲಾಟೆಯಾಗುತ್ತದಂತೆ. ಹಾಗಾಗಿ ನನ್ನ ಮಗ ಸೋಮವಾರದಿಂದ ಶನಿವಾರದ ತನಕ ಎಂಟು ವರ್ಷದವ. ಶನಿವಾರ ಸಂಜೆ ಎಪ್ಪತ್ತನಾಲ್ಕು. ಭಾನುವಾರ ಪೂರ್ತಿ ಬಿಪಿ. ಸೋಮವಾರ ಕೌಂಟರಿನವ ಪುನಃ ಕೈಯಲ್ಲೇ ಬೇರೆ ಮಾಡಬೇಕು. ಸೋಮವಾರ ಬೆಳಿಗ್ಗೆ ನಾನು ಶಾಲೆಗೆ ಹೋಗುವ ಮೊದಲು ಎಸ್‌ಟಿಡಿ ಬೂತಿನಿಂದ ಕೌಂಟರಿಗೆ ಫೋನ್ ಮಾಡಿ "ಬೇರೆ ಮಾಡಿದ್ರಾ?" ಅಂತ ಕೇಳಬೇಕು. "ಆತು ಅಕ್ಕೋರೆ, ಮಾಡ್ದೆ" ಅನ್ನುವ ತನಕ ನನ್ನ ಜೀವ ಜೀವದಲ್ಲಿ ಇರುವುದಿಲ್ಲ. ಇಡಗುಂಜಿ ಗಣಪತಿ ಅವತ್ತು ಕಾಪಾಡಿದ್ದು ಹೌದು. ಹಾಗಂತ ಪ್ರತಿ ಭಾನುವಾರದ ಡ್ಯೂಟಿಯನ್ನೂ ಅವನ ತಲೆಗೇ ಕಟ್ಟುವುದೇ?

ನನ್ನಿಂದ ಸುಮ್ಮನಿರಲು ಆಗಲಿಲ್ಲ. ಒಂದು ಭಾನುವಾರ ರೈಲು ಹತ್ತಿ ಕುಮಟೆಗೆ ಹೋದೆ. ಶೈಲಾ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬಳೇ ಕೂತಿದ್ದಳು. ಡಾಕ್ಟರರು ಬೇಡ ಅಂದರೂ ಅವಳು ಟೆಸ್ಟ್ ಬರೆಯಲು ತೊಡಗಿದ್ದಳು.

"ಅವ್ರು ಹಾಕೂಕೆ ಬಿಡೂದಿಲ್ಲ ಅಂದ್ರೂ ಬರೀತ್ಯನೇ?"

"ನಂಗೆ ನಿದ್ರೆ ಬರೂದು ಬೇಡ್ವಾ ಅಕ್ಕೋರೆ?" ಅಂದಳು. ಆ ಮಾತಿಗೆ ಅವಳ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

ಈ ಸಲ ವಯಸ್ಸಿನ ಬದಲು ಹುಟ್ಟಿದ ದಿನ ಮತ್ತು ತಿಂಗಳು ನೋಡಿ ಬೇರೆ ಮಾಡುವುದೆಂದು ಅವಳ ಲೆಕ್ಕ. ಇಸವಿ ಅಂದಾಜು ಇದ್ದರೂ ದಿನ ತಪ್ಪುವುದಿಲ್ಲ ಅಂದಳು. ನಾನು ತಲೆ ಚಚ್ಚಿಕೊಂಡೆ. "ಏ ಕೂಸೇ, ಇಲ್ಲಿ ಅರ್ಧ ತಾಲೂಕು ಹುಟ್ಟಿದ್ದು ಜೂನ್ ಒಂದಕ್ಕೆ!" ಶಾಲೆಗೆ ಸೇರಿಸುವಾಗ ಮಾಸ್ತರರು ಕೇಳುತ್ತಾರೆ, ಮನೆಯವರಿಗೆ ಗೊತ್ತಿರುವುದಿಲ್ಲ, ಮಾಸ್ತರರು ಜೂನ್ ಒಂದು ಬರೆಯುತ್ತಾರೆ. (ನಾನೇ ಎಷ್ಟು ಮಕ್ಕಳನ್ನು ಜೂನ್ ಒಂದಕ್ಕೆ ಹುಟ್ಟಿಸಿದ್ದೇನೋ!) ಅವಳು ಬಾಯಿ ಬಿಟ್ಟು ನೋಡಿದಳು. ಆಮೇಲೆ ಕೀಬೋರ್ಡ್ ಎಳೆದುಕೊಂಡು, "ಹೇಳಿ ಅಕ್ಕೋರೆ, ಇನ್ನು ಎಂತೆಂತ ಅದೆ?" ಅಂದಳು.

ನಾನು ಹೇಳುತ್ತಾ ಹೋದೆ. ಮದುವೆಯಲ್ಲಿ ಹೆಸರೇ ಬದಲಾಗುವ ಸೊಸೆಯಂದಿರು. ತವರಿನಲ್ಲಿ ಒಬ್ಬಳು, ಗಂಡನ ಮನೆಯಲ್ಲಿ ಇನ್ನೊಬ್ಬಳು, ಮನುಷ್ಯಳು ಮಾತ್ರ ಒಬ್ಬಳೇ. ಊರಿನ ಹೆಸರನ್ನು ಒಮ್ಮೆ ಹೇಳಿ ಒಮ್ಮೆ ಬಿಡುವವರು. ಅವಳಿ ಮಕ್ಕಳು. ಹುಟ್ಟಿ ಹನ್ನೆರಡು ದಿನ ಆಗದ, ಇನ್ನೂ ಹೆಸರೇ ಇಡದ ಶಿಶು. ಅಜ್ಜನ ಹೆಸರಿನ ಮೊಮ್ಮಗನಂತೂ ಇದ್ದೇ ಇದ್ದಾನೆ. ಅವಳು ಒಂದೊಂದನ್ನೂ ಪ್ರಶ್ನೆ ಮಾಡಿದಳು. ಉತ್ತರ ನಾನು ಹೇಳಿದೆ. ಬಟನ್ ಒತ್ತಿದಳು.

ಕೆಂಪು!

ಮೂವತ್ತೈದು ಅಂಕ ಬಾರದೆ ಫೇಲಾದ ಎಷ್ಟೋ ಮಕ್ಕಳನ್ನು ನೋಡಿ ಬೇಜಾರು ಮಾಡಿಕೊಂಡವಳು ನಾನು. ಒಂದು ಯಂತ್ರ ಫೇಲಾದದ್ದಕ್ಕೆ ಅವತ್ತು ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ. ಯಾಕೆಂದರೆ ಆ ತಪ್ಪು ಆಸ್ಪತ್ರೆಯ ಬೆಂಚಿನ ಮೇಲೆ ಸಿಗಲಿಲ್ಲ, ಯಾರ ಮಗುವಿನ ತೊಡೆಯಲ್ಲೂ ಸಿಗಲಿಲ್ಲ. ಕುಮಟೆಯ ಅಂಗಡಿಯಲ್ಲಿ ಚಹಾ ಕುಡಿಯುತ್ತಾ ಸಿಕ್ಕಿತು. ಶೈಲಾ ತಿದ್ದಿದಳು. ಪುನಃ ಕೆಂಪು. ಪುನಃ ತಿದ್ದಿದಳು. ಕೊನೆಗೆ, ಒಂದೇ ಹೆಸರಿನ ಇಬ್ಬರು ಕಂಡರೆ ಕಂಪ್ಯೂಟರ್ ತನ್ನಷ್ಟಕ್ಕೇ ಸೇರಿಸಕೂಡದು, ಕೌಂಟರಿನವರನ್ನು ಕೇಳಬೇಕು ಎಂದಾಯಿತು. ಸಂಜೆಯ ರೈಲಿನ ಹೊತ್ತಿಗೆ ಹಸಿರು.

ಹಸಿರಾದ ಸುದ್ದಿ ಹಿಡಿದುಕೊಂಡು ಡಾಕ್ಟರರ ಹತ್ತಿರ ಹೋದೆ. ಅದೇ ಹಾಡು. ಚೌತಿ ಮುಗೀಲಿ. ಸೀಸನ್ ಮುಗೀಲಿ. ಚಾಲೂ ಇದ್ದದ್ದಕ್ಕೆ ಕೈ ಹಾಕೂದು ಬೇಡ.

ನನಗೆ ತಡೆಯಲಿಲ್ಲ. "ಅಲ್ಲ ಡಾಕ್ಟ್ರೆ, ನಾವು ಎರಡು ಸಲ ಕೆಮ್ಮಿದರೆ ನೀವು ಎಕ್ಸ್‌ರೇ ಬರೀತೀರಿ. ತಲೆ ತಿರುಗಿದರೆ ರಕ್ತ, ಮೂತ್ರ, ಇಸಿಜಿ. ಹೊಟ್ಟೆ ಮುಟ್ಟುವ ಮೊದಲು ಸ್ಕ್ಯಾನಿಂಗ್. 'ನಡೀತಾ ಇದ್ದೆನಲ್ಲ, ಎಂತಕ್ಕೆ ಟೆಸ್ಟು?' ಅಂದ್ರೆ ಬೈತೀರಿ. ಊರಿಗೆಲ್ಲಾ ಟೆಸ್ಟ್ ಬರೆಯುವ ನಿಮಗೆ ನಿಮ್ಮ ಕಂಪ್ಯೂಟರಿಗೆ ಒಂದು ಟೆಸ್ಟ್ ಅಂದ್ರೆ ಯಾಕೆ ಹೊಟ್ಟೆನೋವು?"

ಹೊರಗೆ ಕೂತ ರೋಗಿಗಳೆಲ್ಲ ನಕ್ಕರು. ಡಾಕ್ಟರರೂ ನಕ್ಕರು. "ಅಕ್ಕೋರು ಪೇಪರಿಗೆ ಬರೆಯೂದೇ ಸೈ ಈಗ" ಅಂದರು. ನಕ್ಕು ನಕ್ಕು ಮುಂದಿನ ರೋಗಿಯನ್ನು ಕರೆದರು. ನಮ್ಮ ಸಿಟ್ಟಿಗೆ ನಗುವಷ್ಟು ಒಳ್ಳೆಯ ಜನ ಇವರೆಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಚೌತಿ ಬಂತು, ಹೋಯಿತು. ನವರಾತ್ರಿಯೂ ಹೋಯಿತು. ಶನಿವಾರ ಸಂಜೆಯ ನಂತರ ಹುಡುಗನ ಮೈ ಸ್ವಲ್ಪ ಬಿಸಿ ಅನ್ನಿಸಿದರೂ ನಾನು ಅವನ ಅಂಗಿಯ ಕಿಸೆಯಲ್ಲಿ ಅವನಿಗೆ ಆಗದ ಔಷಧಿಯ ಹೆಸರು ಬರೆದ ಚೀಟಿ ಇಡುತ್ತಿದ್ದೆ. ಅಷ್ಟು ದೊಡ್ಡ ಕಂಪ್ಯೂಟರ್ ಇರುವ ಊರಿನಲ್ಲಿ, ಚೀಟಿ!

ಹೋದ ವಾರ ಸೋಮವಾರ ಎಸ್‌ಟಿಡಿ ಬೂತಿನ ಫೋನು ಕೆಟ್ಟಿತ್ತು. ನಾನೇ ಆಸ್ಪತ್ರೆಗೆ ಹೋದೆ. ಕೌಂಟರಿನ ಮೇಲೆ ಪೇಡೆಯ ಬಾಕ್ಸು. ಡಾಕ್ಟರರು ತಾವೇ ಹೊರಗೆ ಬಂದು ನನ್ನ ಕೈಗೆ ಪೇಡೆ ಕೊಟ್ಟರು. ಮಂಗಳೂರಿನಲ್ಲಿ ಅವರ ಮಗನಿಗೆ ಗಂಡು ಮಗು. ಮೊದಲ ಮೊಮ್ಮಗ.

"ಒಳ್ಳೇದಾಯ್ತು ಡಾಕ್ಟ್ರೆ. ಹೆಸರು?"

"ನಂದೇ ಅಲ್ದಾ ಅಕ್ಕೋರೆ, ಮತ್ತೆಂತದು?" ಮುಖದಲ್ಲಿ ನಾಚಿಕೆ, ಸಂತೋಷ ಎರಡೂ ಇತ್ತು. "ಬಾಣಂತನ ಇಲ್ಲೇ. ಮುಂದಿನ ವಾರ ಬರ್ತಾರೆ. ಮಗೂನ ಫೈಲೂ ಇಲ್ಲೇ ಆಗೂದಲ್ಲ..." ಅಂದವರು ಸ್ವಲ್ಪ ಹೊತ್ತು ಕಂಪ್ಯೂಟರ್ ಕಡೆ ನೋಡಿದರು. ಅವರಿಗೆ ಸಕ್ಕರೆ ಕಾಯಿಲೆ. ಅವರ ಮಾತ್ರೆಗಳೆಲ್ಲ ಅದೇ ಕಂಪ್ಯೂಟರಿನಲ್ಲಿವೆ.

"ಶೈಲಾನ್ನ ನಾಳೆಯೇ ಬರೂಕೆ ಹೇಳಿದ್ದೆ. ಆ ಟೆಸ್ಟ್ ಎಲ್ಲಾ ಹಾಕಿಬಿಡಲಿ. ಎರಡು ದಿನ ಕೌಂಟರ್ ಬಂದ್ ಆದ್ರೂ ಅಡ್ಡಿ ಇಲ್ಲ."

ಶೈಲಾ ಬಂದಳು, ಹಾಕಿದಳು, ಬಟನ್ ಒತ್ತಿ ಹಸಿರು ತೋರಿಸಿದಳು. ಇನ್ನು ಮುಂದೆ ಹಸಿರು ಕಾಣದೆ ಯಾವ ತಿದ್ದುಪಡಿಯೂ ಇಲ್ಲ ಎಂದು ಡಾಕ್ಟರರ ಬಾಯಿಂದಲೇ ಹೇಳಿಸಿದಳು. ಶನಿವಾರ ಕಳೆದು ಸೋಮವಾರ ಬಂತು. ನನ್ನ ಮಗ ಎಂಟೇ ವರ್ಷದವನಾಗಿ ಉಳಿದಿದ್ದ. ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ಸುಮ್ಮಸುಮ್ಮನೆ ಕಣ್ಣಲ್ಲಿ ನೀರು ಬಂತು, ಮಕ್ಕಳ ಕಡೆ ಬೆನ್ನು ಹಾಕಿ ಬೋರ್ಡು ಒರೆಸಿದೆ.

ಆದರೂ ಸಿಟ್ಟು ಹೋಗಿಲ್ಲ. ನನ್ನ ಮಗ ಸಿರಿಂಜಿನ ಮುಂದೆ ನಿಂತದ್ದು ಸಾಲಲಿಲ್ಲ. ಶೈಲಾ ಬಾಯಿ ಬಡಿದುಕೊಂಡದ್ದು ಸಾಲಲಿಲ್ಲ. ಆಗದ ಕೆಲಸ ಒಂದು ಪೇಡೆಯ ಬಾಕ್ಸಿನ ಹಿಂದೆ ಎರಡೇ ದಿನದಲ್ಲಿ ಆಯಿತು. ಡಾಕ್ಟರರ ಮೊಮ್ಮಗ ನೂರು ವರ್ಷ ಸುಖವಾಗಿ ಬಾಳಲಿ. ಆದರೆ ಇನ್ನೂ ಮೊಮ್ಮಗ ಹುಟ್ಟದ ಡಾಕ್ಟರರ ಆಸ್ಪತ್ರೆಗೆ ಹೋಗುವ ಮಕ್ಕಳು ಏನು ಮಾಡಬೇಕು, ಸ್ವಾಮಿ?